ಅಳೆಯುವವರ ಕೈ

ಕಬ್ಬಿನ ಹಂಗಾಮಿನಲ್ಲಿ ಚಿಕ್ಕೋಡಿಯಿಂದ ಕಾಗವಾಡದವರೆಗೆ ರಾತ್ರಿ ಓಡಾಡಿದವರಿಗೆ ಈ ನೋಟ ಹೊಸದಲ್ಲ. ಕಾರ್ಖಾನೆಯ ಗೇಟಿನಿಂದಾಚೆ ರಸ್ತೆಯುದ್ದಕ್ಕೂ ಟ್ರ್ಯಾಕ್ಟರುಗಳ ಸಾಲು. ಒಂದೊಂದಕ್ಕೆ ಎರಡೆರಡು ಟ್ರೇಲರ್, ಹಗ್ಗ ಬಿಗಿದ ಕಬ್ಬಿನ ಹೇರು, ಪಕ್ಕದಲ್ಲಿ ಕಂಬಳಿ ಹೊದ್ದು ಮಲಗಿದ ಚಾಲಕರು. ಸರದಿ ಬಂದಾಗ ಗಾಡಿ ಕಾಟಾ ಏರುತ್ತದೆ. ಲಾರಿ, ಟ್ರ್ಯಾಕ್ಟರು ತೂಗುವ ಕಟ್ಟೆಗೆ ಈ ಕಡೆಯವರು ಕಾಟಾ ಎನ್ನುತ್ತಾರೆ. ಕಿಟಕಿಯ ಒಳಗೆ ಕೂತವರು ಪರದೆ ನೋಡುತ್ತಾರೆ, ಚೀಟಿ ಹೊರಗೆ ಬರುತ್ತದೆ. ಕಬ್ಬು ಇಳಿಸಿದ ಮೇಲೆ ಖಾಲಿ ಗಾಡಿ ಮತ್ತೆ ತೂಗಬೇಕು. ಎರಡು ತೂಕಗಳ ನಡುವಿನ ವ್ಯತ್ಯಾಸವೇ ರೈತನ ಒಂದು ವರ್ಷದ ದುಡಿಮೆ. ಆ ಹೊತ್ತಿಗೆ ರೈತ ಬಹುತೇಕ ಅಲ್ಲಿರುವುದಿಲ್ಲ. ಚಾಲಕ ತಂದುಕೊಟ್ಟ ಚೀಟಿಯನ್ನು ಮರುದಿನ ಮನೆಯ ಕಟ್ಟೆಯ ಮೇಲೆ ಕೂತು ಓದುತ್ತಾನೆ.

ಉದ್ಯಮದ ನಿರ್ವಹಣೆಯಲ್ಲಿ, ಸರ್ಕಾರಿ ಸೇವೆಯಲ್ಲಿ ನೀತಿಯ ಮಾತು ಬಂದರೆ ಚರ್ಚೆ ಬೇಗನೆ ಬೆಂಗಳೂರು, ದಿಲ್ಲಿ ಮುಟ್ಟುತ್ತದೆ. ಗಣಿ, ಗುತ್ತಿಗೆ, ಟೆಂಡರು, ಕೋಟಿಗಳ ಹಗರಣ. ಅವೆಲ್ಲ ನಿಜವೇ. ಆದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಜನ ದಿನಾ ಎದುರಿಸುವ ಪ್ರಶ್ನೆ ಇದಕ್ಕಿಂತ ಸಣ್ಣದು, ಮೈಗೆ ಹತ್ತಿರದ್ದು. ಯಾರೋ ಒಬ್ಬರು ಅಳೆಯುತ್ತಾರೆ: ಕಬ್ಬಿನ ತೂಕ, ತಂಬಾಕಿನ ದರ್ಜೆ, ಬಿದ್ದ ಗೋಡೆಯ ಉದ್ದ, ಹೊಲದ ಗುಂಟೆ. ಅಳೆಸಿಕೊಂಡವರ ಬದುಕು ಆ ಅಂಕಿಯ ಮೇಲೆ ನಿಲ್ಲುತ್ತದೆ. ಅಳತೆ ಸರಿಯಿತ್ತೇ ಎಂದು ನೋಡಲು ಅವರಿಗೆ ದಾರಿಯಿಲ್ಲ. ಈ ಭಾಗದ ನೂರು ವರ್ಷದ ಅನುಭವವನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಅಳೆಯುವವರ ಕೈ ಶುದ್ಧವಿರಬೇಕು. ಅಳತೆಗೋಲು ಅಳೆಸಿಕೊಂಡವರ ಕಣ್ಣಿಗೂ ಕಾಣಬೇಕು. ಒಂದಿದ್ದು ಇನ್ನೊಂದಿಲ್ಲದ ಕಡೆ ನ್ಯಾಯ ಬಹಳ ದಿನ ಬಾಳಿಲ್ಲ.

ಹಿಂದಿನವರಿಗೆ ಇದು ಗೊತ್ತಿತ್ತು. ಮಧ್ಯಕಾಲದ ಕನ್ನಡ ಶಾಸನಗಳು ಭೂಮಿಯ ದಾನವನ್ನು ದಾಖಲಿಸುವಾಗ ಇಷ್ಟು ಮತ್ತರು ಎಂದಷ್ಟೇ ಹೇಳಿ ಬಿಡುವುದಿಲ್ಲ, ಯಾವ ಕೋಲಿನಿಂದ ಅಳೆದದ್ದು ಎಂಬುದನ್ನೂ ಹೇಳುತ್ತವೆ. ಕೆಲವು ಕಡೆ ಆ ಕೋಲಿನ ಉದ್ದವನ್ನೇ ದೇವಸ್ಥಾನದ ಗೋಡೆಯ ಮೇಲೋ ಬಂಡೆಯ ಮೇಲೋ ಗೀರಿ ಇಟ್ಟಿದ್ದಾರೆ. ಜಗಳ ಬಂದರೆ ಯಾರು ಬೇಕಾದರೂ ಹೋಗಿ ಹಿಡಿದು ನೋಡಬಹುದಿತ್ತು.

ಕಬ್ಬಿನ ವಿಷಯದಲ್ಲಿ ಆ ಕೋಲು ಎರಡು ಕಡೆ ಇದೆ, ಎರಡೂ ಕಾರ್ಖಾನೆಯ ಕಾಂಪೌಂಡಿನ ಒಳಗೆ. ಒಂದು ಕಾಟಾ, ಇನ್ನೊಂದು ಪ್ರಯೋಗಾಲಯ. ಕೇಂದ್ರ ಸರ್ಕಾರ 2025–26ರ ಹಂಗಾಮಿಗೆ ಗೊತ್ತು ಮಾಡಿದ ನ್ಯಾಯಯುತ ಮತ್ತು ಲಾಭದಾಯಕ, ಅಂದರೆ ಎಫ್‌ಆರ್‌ಪಿ ದರ ಶೇ 10.25 ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ, ಅಂದರೆ ಟನ್ನಿಗೆ 3,550. ಇಳುವರಿ ಅದಕ್ಕಿಂತ ಶೇ 0.1 ಹೆಚ್ಚಿದಂತೆಲ್ಲ ಕ್ವಿಂಟಲಿಗೆ 3 ರೂಪಾಯಿ 46 ಪೈಸೆ ಸೇರಬೇಕು. ಇಳುವರಿ ಎಂದರೆ ನೂರು ಕಿಲೋ ಕಬ್ಬು ನುರಿಸಿದರೆ ಎಷ್ಟು ಕಿಲೋ ಸಕ್ಕರೆ ಬಂತು ಎಂಬ ಲೆಕ್ಕ. ಅದನ್ನು ಕಂಡುಹಿಡಿಯುವವರೂ ಕಾರ್ಖಾನೆಯವರೇ, ಘೋಷಿಸುವವರೂ ಅವರೇ. ನಿಜವಾಗಿ ಶೇ 11 ಬಂದದ್ದನ್ನು 10.5 ಎಂದು ಬರೆದರೆ ಟನ್ನಿಗೆ 173 ರೂಪಾಯಿ ಹೋಯಿತು. ಎಕರೆಗೆ 40 ಟನ್ ಬೆಳೆದವನಿಗೆ ಅದು 6,920 ರೂಪಾಯಿ. ಕಾಟಾದ ಮೇಲೆ 20 ಟನ್ನಿನ ಗಾಡಿಗೆ ಅರ್ಧ ಟನ್ ಕಡಿಮೆ ಬಿದ್ದರೆ 1,775 ರೂಪಾಯಿ. ಒಂದೊಂದು ಮೊತ್ತವೂ ಕೋರ್ಟಿಗೆ ಹೋಗುವಷ್ಟು ದೊಡ್ಡದಲ್ಲ. ಮಗಳ ಕಾಲೇಜಿನ ಫೀಸು ತಪ್ಪಿಸುವಷ್ಟು ದೊಡ್ಡದು.

ಎಲ್ಲ ಕಾರ್ಖಾನೆಗಳೂ ಹೀಗೆ ಮಾಡುತ್ತವೆ ಎಂದು ಹೇಳುವುದು ಅನ್ಯಾಯವಾದೀತು. ಪ್ರಾಮಾಣಿಕವಾಗಿ ತೂಗುವ ಕಾಟಾಗಳಿವೆ. ತೊಂದರೆ ಇರುವುದು ಬೇರೆ ಕಡೆ: ಯಾವುದು ಪ್ರಾಮಾಣಿಕ, ಯಾವುದು ಅಲ್ಲ ಎಂದು ರೈತ ತಾನೇ ತಿಳಿಯುವ ಏರ್ಪಾಡಿಲ್ಲ. ಹೀಗಾಗಿ ಒಳ್ಳೆಯ ಮ್ಯಾನೇಜರನ ಮೇಲೂ ಅನುಮಾನ ಬೀಳುತ್ತದೆ, ಕೆಟ್ಟವನಿಗೂ ನಂಬಿಕೆಯ ನೆರಳು ಸಿಗುತ್ತದೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ತಲುಪಿದ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15 ಬಡ್ಡಿ ಸೇರಿಸಬೇಕು. ಬರಹದಲ್ಲಿ ಇದು ಗಟ್ಟಿಯಾದ ನಿಯಮ. ಆದರೂ ಬಾಕಿ ಬಿಲ್ಲಿನ ಮಾತಿಲ್ಲದೆ ಹಂಗಾಮು ಮುಗಿಯುವುದು ಕಡಿಮೆ. 2013ರ ನವೆಂಬರಿನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆಯುತ್ತಿದ್ದಾಗಲೇ, ಹೊರಗೆ ಧರಣಿ ಕೂತವರ ನಡುವೆ ರಾಯಬಾಗ ತಾಲ್ಲೂಕಿನ ಕಬ್ಬು ಬೆಳೆಗಾರರೊಬ್ಬರು ವಿಷ ಕುಡಿದು ಪ್ರಾಣ ಬಿಟ್ಟರು. ಶಾಸಕರು ಕೂತ ಕಟ್ಟಡಕ್ಕೂ ಆ ಜಾಗಕ್ಕೂ ನಡುವೆ ಹೆಚ್ಚು ದೂರವಿರಲಿಲ್ಲ. 2025ರ ಅಕ್ಟೋಬರ್ ಕೊನೆಗೆ ಪಕ್ಕದ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ, ಕಟಾವು ಮತ್ತು ಸಾಗಣೆ ಖರ್ಚು ಬಿಟ್ಟು, ಟನ್ನಿಗೆ 3,500 ರೂಪಾಯಿ ಬೇಕೆಂದು ರೈತರು ಕೂತರು. ಅಥಣಿ, ಚಿಕ್ಕೋಡಿ, ರಾಯಬಾಗಗಳೂ ಅದಕ್ಕೆ ದನಿಗೂಡಿಸಿದವು. ನವೆಂಬರ್ 7ರಂದು ಮುಖ್ಯಮಂತ್ರಿಗಳ ಸಭೆಯಲ್ಲಿ 3,300 ರೂಪಾಯಿಯ ಒಪ್ಪಂದವಾಯಿತು. ದರಕ್ಕೊಂದು ಅಂಕಿ ಸಿಕ್ಕಿತು. ಆ ದರವನ್ನು ಗುಣಿಸುವ ತೂಕದ ಪ್ರಶ್ನೆ ಇದ್ದಲ್ಲೇ ಇದೆ.

ಸಹಕಾರಿ ಕಾರ್ಖಾನೆಗಳಲ್ಲಿ ಈ ಪ್ರಶ್ನೆ ಇನ್ನೂ ಸೂಕ್ಷ್ಮ. ಉಗಾರದ ಸಕ್ಕರೆ ಕಾರ್ಖಾನೆ 1939ರಲ್ಲಿ ಖಾಸಗಿಯಾಗಿ ಹುಟ್ಟಿದ್ದು. ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ, ಅಥಣಿಯ ಕೃಷ್ಣಾ ಇವು ರೈತರ ಷೇರಿನಿಂದ ಎದ್ದವು. 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಪತ್ತಿನ ಸಂಘ ಕಟ್ಟಿದಾಗ ಅದರ ಮೂಲದಲ್ಲಿದ್ದ ನಂಬಿಕೆ ಸರಳವಾಗಿತ್ತು: ಸಾಲ ಕೊಡುವವನೂ ತೆಗೆದುಕೊಳ್ಳುವವನೂ ಒಂದೇ ಊರಿನವರು, ಆದ್ದರಿಂದ ಮೋಸ ಕಷ್ಟ. ಸಕ್ಕರೆ ಕಾರ್ಖಾನೆಯಲ್ಲಿ ಅದೇ ನಂಟು ಎರಡು ಕಡೆ ಎಳೆಯುತ್ತದೆ. ಸದಸ್ಯನೇ ಮಾಲೀಕ, ಅವನೇ ಕಬ್ಬು ಕೊಡುವವನು, ಅವನೇ ಮತದಾರ. ನಿರ್ದೇಶಕ ಮಂಡಳಿಯಲ್ಲಿ ಕೂತವರ ಹೊಲದಲ್ಲೂ ಕಬ್ಬಿದೆ. ಹಾಗಾದರೆ ಕಟಾವಿನ ಗ್ಯಾಂಗ್ ಮೊದಲು ಯಾರ ಹೊಲಕ್ಕೆ ಇಳಿಯಬೇಕು?

ಇದು ಹೊರಗಿನವರಿಗೆ ಚಿಲ್ಲರೆ ವಿಷಯವಾಗಿ ಕಾಣಬಹುದು. ಹಣ್ಣಾದ ಕಬ್ಬು ಹೊಲದಲ್ಲಿ ನಿಂತಂತೆ ಒಣಗುತ್ತದೆ, ತೂಕ ಕಳೆದುಕೊಳ್ಳುತ್ತದೆ, ಬಿಸಿಲು ಏರಿದರೆ ಸಕ್ಕರೆಯೂ ಇಳಿಯುತ್ತದೆ. ಹಿಂದಿನ ಕಬ್ಬು ತೆರವಾಗದೆ ಹೊಲ ಖಾಲಿಯಾಗುವುದಿಲ್ಲ, ಮುಂದಿನ ಬೆಳೆ ತಡವಾಗುತ್ತದೆ. ನಿಯಮ ಇದೆ: ನಾಟಿ ಮಾಡಿದ ದಿನ ನೋಂದಾಯಿಸಿ, ಆ ಸರದಿಯಂತೆ ಕಟಾವು. ಆದರೆ ಮಂಡಳಿಯ ಸದಸ್ಯರೊಬ್ಬರು ಕೃಷಿ ವಿಭಾಗದ ಸಿಬ್ಬಂದಿಗೆ ಒಂದು ಫೋನ್ ಮಾಡಿದರೆ ಸರದಿ ಮುರಿಯುತ್ತದೆ. ಮುರಿದದ್ದು ಯಾವ ಪುಸ್ತಕದಲ್ಲೂ ಕಾಣುವುದಿಲ್ಲ. ಇಲ್ಲಿ ಕಳ್ಳತನವಾಗಿಲ್ಲ, ಲಂಚ ಕೈ ಬದಲಿಸಿಲ್ಲ, ಲೆಕ್ಕ ಪರಿಶೋಧಕ ಬಂದರೂ ಬರೆಯಲು ಏನೂ ಸಿಗದು. ಆದರೂ ಮೂರು ಎಕರೆಯವನಿಂದ ಮೂವತ್ತು ಎಕರೆಯವನಿಗೆ ಸಂಪತ್ತು ದಾಟಿದೆ. ನಿರ್ವಹಣೆಯ ಪಠ್ಯಪುಸ್ತಕಗಳು ಹಿತಾಸಕ್ತಿಯ ಸಂಘರ್ಷ ಎಂದು ಹೆಸರಿಟ್ಟು ಮುಂದೆ ಹೋಗುವ ಈ ಸಂಗತಿಯನ್ನು ಸಹಕಾರ ಕ್ಷೇತ್ರ ಎದುರಿಗಿಟ್ಟುಕೊಂಡು ಚರ್ಚಿಸಬೇಕು. ಸರದಿಯ ಪಟ್ಟಿಯನ್ನು ಪ್ರತಿ ಊರಿನ ಸೊಸೈಟಿಯ ಗೋಡೆಗೆ ಅಂಟಿಸಿದರೆ ಅರ್ಧ ಫೋನುಗಳು ತಾವಾಗಿ ನಿಲ್ಲುತ್ತವೆ.

ಕಾಣದ ಅಳತೆ ಎಲ್ಲಿಗೆ ಒಯ್ಯುತ್ತದೆ ಎಂಬುದನ್ನು ನಿಪ್ಪಾಣಿ ಕಂಡಿದೆ. ಬೀಡಿ ತಂಬಾಕಿಗೆ ಹೆಸರಾದ ಊರದು. ಎಲೆಯ ದರ್ಜೆ ಹೇಳುತ್ತಿದ್ದದ್ದು ಕೊಳ್ಳುವ ವ್ಯಾಪಾರಿ, ದರ ಹೇಳುತ್ತಿದ್ದದ್ದೂ ಅವನೇ. ಬೆಳೆದವನ ಪಾಲಿಗೆ ಉಳಿಯುತ್ತಿದ್ದದ್ದು ತಲೆಯಾಡಿಸುವುದು. 1981ರ ಮಾರ್ಚಿನಲ್ಲಿ ಶರದ್ ಜೋಶಿ, ಸುಭಾಷ್ ಜೋಶಿ ಅವರ ಮುಂದಾಳತ್ವದಲ್ಲಿ ಸಾವಿರಾರು ತಂಬಾಕು ಬೆಳೆಗಾರರು ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ ಬಂದು ಕೂತರು. ರಸ್ತೆಯ ಮೇಲೇ ಅಡುಗೆ, ರಸ್ತೆಯ ಮೇಲೇ ನಿದ್ದೆ, ಮೂರು ವಾರಕ್ಕೂ ಹೆಚ್ಚು. ಏಪ್ರಿಲ್ 6ರಂದು ಪೊಲೀಸರು ಗೋಲಿಬಾರ್ ಮಾಡಿದರು. 12 ರೈತರು ಸತ್ತರು. ಗುಂಡೂರಾವ್ ಆಗ ಮುಖ್ಯಮಂತ್ರಿ. ಹಿಂದಿನ ವರ್ಷವಷ್ಟೇ ನರಗುಂದ, ನವಲಗುಂದಗಳಲ್ಲಿ ರೈತರ ಮೇಲೆ ಗುಂಡು ಹಾರಿತ್ತು. ಮೂರು ವಾರ ಕೂತವರೊಡನೆ ಇನ್ನೊಂದು ದಿನ ಮಾತಾಡುವುದೇ, ಗುಂಡು ಹಾರಿಸುವುದೇ ಎಂಬ ತೀರ್ಮಾನವೂ ಸರ್ಕಾರಿ ಸೇವೆಯ ನೈತಿಕ ತೀರ್ಮಾನಗಳ ಸಾಲಿನದೇ. ಅದರಲ್ಲೂ ಮರಳಿ ತಿದ್ದಲಾಗದ ಜಾತಿಯದು. ನಿಪ್ಪಾಣಿಯಲ್ಲಿ ಆ ದಿನವನ್ನು ಇಂದಿಗೂ ನೆನೆಯುತ್ತಾರೆ.

ಅದೇ ಊರಿನ ಗೋದಾಮುಗಳ ಒಳಗೆ ಇನ್ನೊಂದು ಅಳತೆ ನಡೆಯುತ್ತಿತ್ತು. ತಂಬಾಕನ್ನು ಬಡಿದು, ಜರಡಿ ಹಿಡಿದು, ಆರಿಸುತ್ತಿದ್ದವರು ಹೆಂಗಸರು. ದೂಳು ಮೂಗು, ಕಣ್ಣು, ಎದೆಗೆ ಇಳಿಯುವ ಕೆಲಸ. ಎಷ್ಟು ಹೊತ್ತು ದುಡಿದರೆ ಎಷ್ಟು ಕೂಲಿ ಎಂಬುದು ಮಾಲೀಕನ ಬಾಯಲ್ಲಿತ್ತು. ಸುಭಾಷ್ ಜೋಶಿಯವರ ಬೆಂಬಲದಿಂದ ಈ ಹೆಂಗಸರು ಸಂಘ ಕಟ್ಟಿಕೊಂಡು ಬೀದಿಗೆ ಬಂದರು. ದೀಪಾ ಧನರಾಜ್ ಮತ್ತು ಯುಗಾಂತರ ತಂಡ 1982ರಲ್ಲಿ ಮಾಡಿದ ‘ತಂಬಾಕೂ ಚಾಕಿಲಾ ಊಬ್ ಆಲಿ’ ಎಂಬ ಸಾಕ್ಷ್ಯಚಿತ್ರದಲ್ಲಿ ಅವರ ಮುಖ, ಅವರ ಮಾತು ಉಳಿದಿದೆ. ರೈತನಿಗೆ ನ್ಯಾಯದ ದರ ಬೇಕೆಂದ ಊರಿನಲ್ಲೇ ಕೂಲಿ ಹೆಂಗಸಿಗೆ ನ್ಯಾಯದ ಪಗಾರ ಬೇಕೆಂಬ ಕೂಗೂ ಎದ್ದದ್ದು ದೊಡ್ಡ ಸಂಗತಿ. ಅಳೆಸಿಕೊಂಡವನು ಇನ್ನೊಂದು ಕಡೆ ಅಳೆಯುವವನಾಗಿರುತ್ತಾನೆ. ಕಾರ್ಖಾನೆಯ ಕಾಟಾದ ಬಗ್ಗೆ ಸಿಟ್ಟಾಗುವ ರೈತ ತನ್ನ ಹೊಲದ ಕಳೆ ಕೀಳುವವಳ ದಿನವನ್ನು ಹೇಗೆ ಎಣಿಸುತ್ತಾನೆ ಎಂಬ ಪ್ರಶ್ನೆಯನ್ನು ಆ ಹೆಂಗಸರು ಕೇಳಿಯೇ ಬಿಟ್ಟಿದ್ದರು.

ಕೈ ಯಾರದು ಎಂಬುದೂ ಮುಖ್ಯ. ರಾಯಬಾಗ ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಆ ಸಂಸ್ಥಾನದ ಶಾಹೂ ಮಹಾರಾಜರು 1902ರ ಜುಲೈ 26ರಂದು ಒಂದು ಆದೇಶ ಹೊರಡಿಸಿದರು: ಇನ್ನು ಮುಂದೆ ತೆರವಾಗುವ ಸರ್ಕಾರಿ ಹುದ್ದೆಗಳಲ್ಲಿ ಶೇ 50 ಹಿಂದುಳಿದವರಿಗೆ. 1918ರಲ್ಲಿ ಕುಲಕರ್ಣಿ ವತನವನ್ನು ತೆಗೆದು, ಊರಿನ ಲೆಕ್ಕ ಬರೆಯುವ ಕೆಲಸವನ್ನು ಪಗಾರದ ತಲಾಠಿಗಳಿಗೆ ಒಪ್ಪಿಸಿದರು. ಲೆಕ್ಕದ ಪುಸ್ತಕ ಒಂದೇ ಮನೆತನದ ಕಪಾಟಿನಲ್ಲಿ ತಲೆಮಾರುಗಟ್ಟಲೆ ಇದ್ದರೆ, ಆ ಮನೆಯವರು ಎಷ್ಟೇ ಸಜ್ಜನರಾದರೂ ಊರಿನ ಉಳಿದವರಿಗೆ ಅದನ್ನು ಓದುವ ಹಕ್ಕೂ ಅಕ್ಷರವೂ ಇರುವುದಿಲ್ಲ ಎಂಬುದನ್ನು ಅರಿತ ಅರಸ ಆತ. ಅದಕ್ಕೇ ಹುದ್ದೆಯ ಜೊತೆಗೆ ಶಾಲೆಯನ್ನೂ ಕೊಟ್ಟರು. 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ, ಉಚಿತ ಮಾಡಿದರು. ನಿಪ್ಪಾಣಿ ಬ್ರಿಟಿಷರ ಮುಂಬಯಿ ಪ್ರಾಂತದಲ್ಲಿತ್ತು. ಅಲ್ಲಿಗೆ 1925ರ ಏಪ್ರಿಲ್‌ನಲ್ಲಿ ಶೋಷಿತ ವರ್ಗಗಳ ಪ್ರಾಂತೀಯ ಸಮ್ಮೇಳನಕ್ಕೆ ಡಾ. ಅಂಬೇಡ್ಕರ್ ಬಂದಿದ್ದರು. ಆಡಳಿತದ ನೀತಿಯೆಂದರೆ ಲಂಚ ಮುಟ್ಟದಿರುವುದು ಎಂದಷ್ಟೇ ತಿಳಿಯುವವರು ಈ ಚರಿತ್ರೆಯನ್ನು ಓದಬೇಕು. ಒಂದು ಪೈಸೆ ಮುಟ್ಟದ ಅಧಿಕಾರಿಯೂ ಒಂದು ಕೇರಿಯ ಅರ್ಜಿಯನ್ನು ಕೊನೆಗೆ ಇಡಬಲ್ಲ.

ತಲಾಠಿ ಎಂಬ ಹೆಸರು ಈ ಭಾಗದಲ್ಲಿ ಇನ್ನೂ ಬಾಯಲ್ಲಿದೆ. ಕಾಗದದಲ್ಲಿ ಗ್ರಾಮ ಲೆಕ್ಕಾಧಿಕಾರಿ ಹೋಗಿ ಗ್ರಾಮ ಆಡಳಿತ ಅಧಿಕಾರಿ ಬಂದಿದ್ದಾರೆ. ಪಹಣಿಯನ್ನು ಇಲ್ಲಿಯ ಜನ ಉತಾರ ಎನ್ನುತ್ತಾರೆ. 2000ದ ಆಸುಪಾಸಿನವರೆಗೆ ಉತಾರ ಕೈಬರಹದ್ದು. ರಾಜ್ಯದ ಸುಮಾರು 9,000 ಗ್ರಾಮ ಲೆಕ್ಕಿಗರ ವಶದಲ್ಲಿತ್ತು. ಅವರು ಸಿಕ್ಕಾಗ ಹಿಡಿಯಬೇಕು, ಕೇಳಿದಷ್ಟು ಕೊಡಬೇಕಿತ್ತು. ಭೂಮಿ ಯೋಜನೆ ಬಂದು ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಮುದ್ರಿತ ಉತಾರ ಸಿಗತೊಡಗಿತು. ಅರ್ಜಿ ಬಂದ ಸರದಿಯಲ್ಲೇ ಖಾತೆ ಬದಲಾವಣೆಯ ಕೆಲಸ ಸಾಗಬೇಕೆಂಬ ನಿಯಮವನ್ನು ಕಂಪ್ಯೂಟರಿನಲ್ಲೇ ಹೊಂದಿಸಿದರು. 2011ರ ಸಕಾಲ ಕಾಯ್ದೆ ಸೇವೆಗಳಿಗೆ ದಿನದ ಗಡುವು ಹಾಕಿತು. ಇವು ದೊಡ್ಡ ಹೆಜ್ಜೆಗಳು. ಇವುಗಳಿಂದ ಸಣ್ಣ ರೈತನ ಎಷ್ಟೋ ದಿನಗೂಲಿ ಉಳಿದಿದೆ. ಆದರೆ ಯಂತ್ರ ಮುದ್ರಿಸುವುದು ಯಾರೋ ತುಂಬಿದ್ದನ್ನೇ. ಹೊಲಕ್ಕೆ ಹೋಗಿ, ಬಾಂದಿನ ಕಲ್ಲು ನೋಡಿ, ಯಾರು ಉಳುತ್ತಿದ್ದಾರೆ ಎಂದು ಕೇಳಿ ಬರೆಯಬೇಕಾದ ಮನುಷ್ಯ ಇನ್ನೂ ಬೇಕು.

ಆ ಮನುಷ್ಯನ ಮೇಲೆ ಎಷ್ಟು ಭಾರ ಬೀಳುತ್ತದೆ ಎಂಬುದು 2019ರ ಆಗಸ್ಟಿನಲ್ಲಿ ಕಂಡಿತು. ಮಹಾರಾಷ್ಟ್ರದ ಘಟ್ಟದ ಮಳೆಗೆ ಕೃಷ್ಣೆ, ದೂಧಗಂಗೆ, ವೇದಗಂಗೆ ಉಕ್ಕಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ನದಿದಂಡೆಯ ಊರುಗಳನ್ನು ಮುಳುಗಿಸಿದವು. ಕಲ್ಲೋಳ–ಯಡೂರ ಬ್ಯಾರೇಜು ಪ್ರತಿ ಮಳೆಗಾಲ ಮೊದಲು ಮುಳುಗುವವುಗಳಲ್ಲಿ ಒಂದು. ಆ ವರ್ಷ ನೀರು ಅಲ್ಲಿಗೆ ನಿಲ್ಲಲಿಲ್ಲ. ದನ ಬಿಟ್ಟು ಬರುವುದಿಲ್ಲ ಎಂದು ಮನೆಯಲ್ಲೇ ಕೂತವರನ್ನು ಒಪ್ಪಿಸುವುದು, ಇರುವ ದೋಣಿಯಲ್ಲಿ ಯಾರನ್ನು ಮೊದಲು ಕೂರಿಸುವುದು, ಇವೆಲ್ಲ ನಿಂತ ನಿಲುವಿನಲ್ಲಿ ತೀರ್ಮಾನವಾದವು. ಅದಕ್ಕಿಂತ ಕಷ್ಟದ ಕೆಲಸ ನೀರು ಇಳಿದ ಮೇಲೆ ಶುರುವಾಯಿತು.

ಸರ್ಕಾರ ಬಿದ್ದ ಮನೆಗಳನ್ನು ಮೂರು ದರ್ಜೆ ಮಾಡಿತು. ಮುಕ್ಕಾಲು ಭಾಗಕ್ಕಿಂತ ಹೆಚ್ಚು ಹಾಳಾಗಿದ್ದರೆ ಎ ವರ್ಗ, 5 ಲಕ್ಷ ರೂಪಾಯಿ. ಶೇ 25ರಿಂದ 75 ಹಾಳಾಗಿದ್ದರೆ ಬಿ. ಮೊದಲು 1 ಲಕ್ಷ ಎಂದಿದ್ದದ್ದು ಆಮೇಲೆ ದುರಸ್ತಿಗೆ 3 ಲಕ್ಷ, ಕೆಡವಿ ಕಟ್ಟುವುದಾದರೆ 5 ಲಕ್ಷವಾಯಿತು. ಶೇ 15ರಿಂದ 25ರವರೆಗೆ ಸಿ, 50 ಸಾವಿರ. ತಕ್ಷಣದ ಖರ್ಚಿಗೆ ಮನೆಗೆ 10 ಸಾವಿರ. ದೇಶದ ಲೆಕ್ಕದಲ್ಲಿ ಇದು ಉದಾರ ಪರಿಹಾರ. ಆದರೆ ಶೇ 24 ಮತ್ತು ಶೇ 26ರ ನಡುವೆ ಲಕ್ಷಾಂತರ ರೂಪಾಯಿ. ಶೇ 14 ಮತ್ತು 15ರ ನಡುವೆ ಸೊನ್ನೆ ಮತ್ತು 50 ಸಾವಿರ. ಆ ಗೆರೆಯನ್ನು ಎಳೆಯಬೇಕಾದದ್ದು ತಲಾಠಿ, ಪಂಚಾಯಿತಿಯವರು, ಒಬ್ಬ ಎಂಜಿನಿಯರ್. ಕೈಯಲ್ಲಿ ಟೇಪು, ಮೊಬೈಲಿನ ಕ್ಯಾಮೆರಾ, ಎದುರಿಗೆ ಇಡೀ ಓಣಿ.

ನದಿದಂಡೆಯ ಮಣ್ಣಿನ ಮನೆ ಹೇಗೆ ಬೀಳುತ್ತದೆ ಎಂದು ನೋಡಿದವರಿಗೆ ಈ ಕಷ್ಟ ತಿಳಿಯುತ್ತದೆ. ನೀರು ನಿಂತಾಗ ಗೋಡೆ ಬೀಳುವುದಿಲ್ಲ. ಬುಡ ನೆನೆದು ನಿಂತಿರುತ್ತದೆ. ನೀರು ಇಳಿದು ಬಿಸಿಲು ಬಿದ್ದ ಎಂಟು ಹತ್ತು ದಿನಕ್ಕೆ ಬಿರುಕು ಬಿಟ್ಟು, ಒಂದು ರಾತ್ರಿ ಒಳಕ್ಕೆ ಕುಸಿಯುತ್ತದೆ. ತಂಡ ಬಂದ ದಿನ ಅದು ನಿಂತಿದ್ದರೆ ಪಟ್ಟಿಯಲ್ಲಿ ಸಿ. ತಂಡ ಹೋದ ಮರುವಾರ ಅದು ಮಣ್ಣಿನ ಗುಡ್ಡೆ. “ಸಾಹೇಬ್ರ, ಗ್ವಾಡಿಗೆ ಕೈ ಹಚ್ಚಿ ನೋಡ್ರಿ, ಒಳಗ ಎಲ್ಲಾ ಹಸಿ ಐತ್ರಿ” ಎಂದು ಮನೆಯಾಕೆ ಹೇಳುತ್ತಾಳೆ. ಸಾಹೇಬರ ನಮೂನೆಯಲ್ಲಿ ಹಸಿ ಎಂಬುದಕ್ಕೆ ಕಾಲಂ ಇಲ್ಲ. ನಮೂನೆಯಂತೆ ಬರೆದರೆ ಆತ ನಿಯಮ ಪಾಲಿಸಿದ, ಆಕೆ ಬೀದಿಗೆ ಬಿದ್ದಳು. ಕೈ ಹಚ್ಚಿ ನೋಡಿ ಬಿ ಎಂದು ಬರೆದರೆ ನಾಳೆ ವಿಚಾರಣೆಯಲ್ಲಿ ಫೋಟೊ ತೋರಿಸಿ ಕೇಳುತ್ತಾರೆ: ಗೋಡೆ ನಿಂತಿದೆಯಲ್ಲ? ಇದರ ನಡುವೆಯೇ ಪಕ್ಕದ ಮನೆಯ ಪ್ರಭಾವಿಯ ದನದ ಕೊಟ್ಟಿಗೆ ಎ ವರ್ಗದ ಮನೆಯಾಗಬೇಕೆಂಬ ಒತ್ತಡ. ಅನರ್ಹರ ಹೆಸರು ಸೇರಿದೆ, ಅರ್ಹರದು ಬಿಟ್ಟಿದೆ ಎಂಬ ದೂರುಗಳು ಆ ವರ್ಷದ ನಂತರ ಬಹುಕಾಲ ಕೇಳಿಬಂದವು.

ಅಮೆರಿಕದ ರಾಜ್ಯಶಾಸ್ತ್ರಜ್ಞ ಮೈಕೆಲ್ ಲಿಪ್‌ಸ್ಕಿ 1980ರಲ್ಲಿ ಬರೆದ ಪುಸ್ತಕದ ವಾದವೇ ಇದು: ಸರ್ಕಾರದ ನೀತಿ ನಿಜವಾಗಿ ರೂಪುಗೊಳ್ಳುವುದು ರಾಜಧಾನಿಯಲ್ಲಿ ಅಲ್ಲ, ಜನರ ಎದುರು ನಿಂತ ಶಿಕ್ಷಕ, ಪೊಲೀಸ್, ಗುಮಾಸ್ತನ ಕೈಯಲ್ಲಿ. ಕೆಲಸ ಹೆಚ್ಚು, ಸಮಯ ಕಡಿಮೆ, ನಿಯಮ ಅಸ್ಪಷ್ಟ. ಆದ್ದರಿಂದ ಅವರು ತಮ್ಮದೇ ಅಡ್ಡದಾರಿ ಕಂಡುಕೊಳ್ಳುತ್ತಾರೆ. ನದಿದಂಡೆಯ ಇಂಗಳಿ, ಯಡೂರ, ಜುಗೂಳಗಳ ಓಣಿಯಲ್ಲಿ ನಿಂತು ಓದಿದರೆ ಆ ಪುಸ್ತಕ ಹೊರದೇಶದ್ದು ಅನ್ನಿಸುವುದಿಲ್ಲ. ಅಂಥ ಕಡೆ ಒಂದು ಸುಲಭದ ದಾರಿಯಿದೆ. ದರ್ಜೆಯ ಪಟ್ಟಿಯನ್ನು, ಫೋಟೊ ಸಮೇತ, ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದುವುದು. ಹದಿನೈದು ದಿನ ಬಿಟ್ಟು ಎರಡನೆಯ ಸುತ್ತು ಬರುವುದು. ಕೊಟ್ಟಿಗೆಯನ್ನು ಮನೆ ಎಂದು ಓದುವಾಗ ಓಣಿಯ ಇನ್ನೂರು ಕಣ್ಣು ನೋಡುತ್ತಿರುತ್ತವೆ. ಇದು ಪ್ರಾಮಾಣಿಕ ತಲಾಠಿಗೆ ಹಿಡಿದ ಛತ್ರಿಯೂ ಹೌದು: ಒತ್ತಡ ಹಾಕುವವರಿಗೆ ಆತ “ಸಭೆಯೊಳಗ ಓದಬೇಕಾಗತೈತ್ರಿ ಗೌಡ್ರ” ಎಂದು ಹೇಳಿ ತಪ್ಪಿಸಿಕೊಳ್ಳಬಹುದು.

ಅಳೆಯುವವರೇ ಬಾರದಿದ್ದಾಗ ಏನಾಗುತ್ತದೆ? 2017ರ ಏಪ್ರಿಲ್‌ನಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ಆರು ವರ್ಷದ ಹುಡುಗಿ ತೆರೆದ ಕೊಳವೆ ಬಾವಿಗೆ ಬಿದ್ದಳು. ಎರಡು ದಿನಕ್ಕೂ ಹೆಚ್ಚು ಕಾಲ ಪಕ್ಕದಲ್ಲಿ ಭೂಮಿ ಅಗೆದರು, ಜೀವ ಸಿಗಲಿಲ್ಲ. ಸುಪ್ರೀಂ ಕೋರ್ಟು ಅದಕ್ಕೆ ಏಳು ವರ್ಷ ಮೊದಲೇ, 2010ರಲ್ಲಿ, ನಿರ್ದೇಶನ ಕೊಟ್ಟಿತ್ತು. ಬಾವಿ ಕೊರೆಸುವ 15 ದಿನ ಮೊದಲು ಲಿಖಿತವಾಗಿ ತಿಳಿಸಬೇಕು, ಸುತ್ತ ತಂತಿ ಬೇಲಿ ಹಾಕಬೇಕು, ಕೊಳವೆಗೆ ಮುಚ್ಚಳ ಬಿಗಿಯಬೇಕು, ನೀರು ಬಾರದ ಬಾವಿಯನ್ನು ಮಣ್ಣು ಕಲ್ಲು ತುಂಬಿ ಮುಚ್ಚಬೇಕು. ಎಲ್ಲವೂ ಇತ್ತು. ಹೊಲದ ಮಾಲೀಕ, ಕೊರೆದ ಗಾಡಿಯವ, ಪಂಚಾಯಿತಿ, ಕಂದಾಯ ಇಲಾಖೆ, ಎಲ್ಲರ ಮೇಲೂ ಸ್ವಲ್ಪ ಸ್ವಲ್ಪ ಹೊಣೆ ಇತ್ತು. ಹಂಚಿ ಹೋದ ಹೊಣೆ ಯಾರ ತಲೆಯ ಮೇಲೂ ಭಾರವಾಗಲಿಲ್ಲ. ಒಂದು ಮುಚ್ಚಳದ ಬೆಲೆ ಕೆಲವು ನೂರು ರೂಪಾಯಿ. ನೀತಿಯ ಚರ್ಚೆಯಲ್ಲಿ ಮಾಡಿದ ತಪ್ಪುಗಳ ಬಗ್ಗೆ ಪುಟಗಟ್ಟಲೆ ಬರೆಯುತ್ತೇವೆ. ಮಾಡದೆ ಬಿಟ್ಟದ್ದರ ಬಗ್ಗೆ ಬರೆಯಲು ಒಂದು ಮಗು ಬೀಳಬೇಕಾಗುತ್ತದೆ.

ಸರಿಯಾಗಿ ಅಳೆದವರಿಗೆ ವ್ಯವಸ್ಥೆ ಏನು ಕೊಡುತ್ತದೆ ಎಂಬುದನ್ನೂ ಕೇಳಬೇಕು. ನಿಪ್ಪಾಣಿಯನ್ನು ಹಾದುಹೋಗುವ ಹೆದ್ದಾರಿ ಸುವರ್ಣ ಚತುಷ್ಪಥದ ಒಂದು ತೋಳು. ಅದೇ ಯೋಜನೆಯ ಬಿಹಾರದ ಭಾಗದಲ್ಲಿ ಕೆಲಸ ಮಾಡುತ್ತಿದ್ದ ಎಂಜಿನಿಯರ್ ಸತ್ಯೇಂದ್ರ ದುಬೆ ಕಾಮಗಾರಿಯ ಅಕ್ರಮಗಳ ಬಗ್ಗೆ ಪ್ರಧಾನಿ ಕಚೇರಿಗೆ ಪತ್ರ ಬರೆದರು. ಹೆಸರು ಗುಟ್ಟಾಗಿಡಿ ಎಂದು ಕೇಳಿಕೊಂಡಿದ್ದರೂ ಹೆಸರು ಹೊರಬಿತ್ತು. 2003ರ ನವೆಂಬರ್ 27ರಂದು ಗಯಾದಲ್ಲಿ ಅವರು ಕೊಲೆಯಾದರು. ಆ ಸಾವಿನ ನಂತರದ ಒತ್ತಾಯದಿಂದಲೇ ಬಂದ ಮಾಹಿತಿದಾರರ ರಕ್ಷಣಾ ಕಾಯ್ದೆಗೆ 2014ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ಜಾರಿಯ ಅಧಿಸೂಚನೆ ಮಾತ್ರ ಹೊರಡದೇ ಉಳಿಯಿತು. ವೀರಪ್ಪ ಮೊಯಿಲಿ ಅಧ್ಯಕ್ಷತೆಯ ಎರಡನೆಯ ಆಡಳಿತ ಸುಧಾರಣಾ ಆಯೋಗ 2007ರಲ್ಲೇ ಆಡಳಿತದ ನೈತಿಕತೆಯ ಮೇಲೆ ಇಡೀ ವರದಿ ಕೊಟ್ಟಿದೆ. ಯುಪಿಎಸ್‌ಸಿ 2013ರಿಂದ ಅದೇ ವಿಷಯಕ್ಕೆ 250 ಅಂಕದ ಪತ್ರಿಕೆ ಇಟ್ಟಿದೆ. ಅಂಕ ಗಳಿಸಿ ಬಂದ ತರುಣ ಅಧಿಕಾರಿ ಮೊದಲ ಪೋಸ್ಟಿಂಗಿನಲ್ಲೇ ವರ್ಗಾವಣೆಯ ಬೆದರಿಕೆ ಕೇಳುತ್ತಾನೆ. ಪರೀಕ್ಷೆಯಲ್ಲಿ ಆ ಬೆದರಿಕೆಗೆ ಉತ್ತರ ಬರೆಯುವುದು ಸುಲಭವಿತ್ತು.

ಕರ್ನಾಟಕ ಈ ವಿಷಯದಲ್ಲಿ ಹೆಮ್ಮೆಪಡುವ ಸಂಸ್ಥೆ ಲೋಕಾಯುಕ್ತ. 1984ರ ಕಾಯ್ದೆಯಿಂದ ಬಂದದ್ದು, 2011ರಲ್ಲಿ ಸಂತೋಷ್ ಹೆಗ್ಡೆಯವರ ಗಣಿ ವರದಿಯಿಂದ ಸರ್ಕಾರವನ್ನೇ ಅಲುಗಿಸಿದ್ದು. 2016ರಲ್ಲಿ ಅದರ ಹಲ್ಲು ಕಿತ್ತು ಭ್ರಷ್ಟಾಚಾರ ನಿಗ್ರಹ ದಳ (ಎಸಿಬಿ) ಕಟ್ಟಿದರು. 2022ರ ಆಗಸ್ಟಿನಲ್ಲಿ ಹೈಕೋರ್ಟು ಎಸಿಬಿಯನ್ನು ರದ್ದು ಮಾಡಿ ಅಧಿಕಾರವನ್ನು ಲೋಕಾಯುಕ್ತಕ್ಕೆ ಮರಳಿಸಿತು. ಹಳ್ಳಿಯವರು ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ. ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಟ್ಟವರು 7 ದಿನದೊಳಗೆ ತಿಳಿಸಿದರೆ ರಕ್ಷಣೆಯುಂಟು. ಈ ಏಳು ದಿನದ ಮಾತನ್ನು ಪ್ರತಿ ತಾಲ್ಲೂಕು ಕಚೇರಿಯ ಬಾಗಿಲಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಬೇಕಿತ್ತು.

ಅಥಣಿಯ ಚಪ್ಪಲಿಯ ಕಥೆ ಈ ಎಲ್ಲದರ ಪಕ್ಕದಲ್ಲಿ ಚಿಕ್ಕದಾದರೂ ಹೇಳಬೇಕಾದ್ದು. ಕೊಲ್ಹಾಪುರಿ ಎಂಬ ಹೆಸರಲ್ಲಿ ಮಾರಾಟವಾಗುವ ಚಪ್ಪಲಿಯ ದೊಡ್ಡ ಪಾಲು ಅಥಣಿ, ನಿಪ್ಪಾಣಿ ಕಡೆಯ ಕೈಗಳದ್ದು. 2019ರ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಕರ್ನಾಟಕದ ನಾಲ್ಕೂ ಸೇರಿವೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನಲ್ಲಿ ಅದೇ ಮಾದರಿಯನ್ನು ಮೂಲದ ಹೆಸರೆತ್ತದೆ ಪ್ರದರ್ಶಿಸಿತು. ಗದ್ದಲವಾಯಿತು, ಕಂಪನಿ ಮೂಲವನ್ನು ಒಪ್ಪಿಕೊಂಡಿತು, ವರ್ಷದ ಕೊನೆಗೆ ಚರ್ಮೋದ್ಯಮ ನಿಗಮಗಳಾದ ಮಹಾರಾಷ್ಟ್ರದ ಲಿಡ್‌ಕಾಮ್, ಕರ್ನಾಟಕದ ಲಿಡ್ಕರ್ ಜೊತೆ ಒಪ್ಪಂದಕ್ಕೆ ಬಂತು. ಸಾವಿರಾರು ಮೈಲಿ ದೂರದ ಕಂಪನಿಯನ್ನು ಬಗ್ಗಿಸಿದ್ದು ಹೆಸರು ಬರೆದಿಟ್ಟ ಒಂದು ದಾಖಲೆ ಮತ್ತು ಅದನ್ನು ನೋಡಿದ ಜನರ ಕಣ್ಣು. ಅಥಣಿಯ ಪೇಟೆಯಲ್ಲಿ ಹೊಲಿದವನಿಗೆ ಜೋಡಿಗೆ ಎಷ್ಟು ಸಿಗುತ್ತದೆ, ಹೆಣಿಗೆ ಹಾಕಿದ ಹೆಂಡತಿಯ ಹೆಸರು ಯಾವ ಲೆಕ್ಕದಲ್ಲಿದೆ ಎಂಬುದಕ್ಕೂ ಅಂಥದೊಂದು ದಾಖಲೆ ಬೇಕು.

ಕಬ್ಬಿನ ಹೊಲಗಳಲ್ಲಿ ಈಗ ಒಂದು ಸಣ್ಣ ಬದಲಾವಣೆ ನಡೆದಿದೆ. ಕಲಿತ ಮಕ್ಕಳಿರುವ ಮನೆಗಳಲ್ಲಿ ಗಾಡಿ ತುಂಬಿದ ರಾತ್ರಿ ಒಬ್ಬರು ಬೈಕಿನಲ್ಲಿ ಹಿಂದೆ ಹೊರಡುತ್ತಾರೆ. ಮೊದಲು ಪೇಟೆಯ ಖಾಸಗಿ ಕಾಟಾದಲ್ಲಿ ದುಡ್ಡು ಕೊಟ್ಟು ಒಂದು ಚೀಟಿ ಮಾಡಿಸುತ್ತಾರೆ, ಆಮೇಲೆ ಕಾರ್ಖಾನೆಯ ಸಾಲಿಗೆ ಸೇರುತ್ತಾರೆ. ಚಳಿಯಲ್ಲಿ ನಾಲ್ಕೈದು ಗಂಟೆ ಕಾದು, ಸರದಿ ಬಂದಾಗ ಕಿಟಕಿಯ ಹತ್ತಿರ ಹೋಗಿ ಪರದೆಯ ಮೇಲಿನ ಅಂಕಿಯ ಫೋಟೊ ತೆಗೆದುಕೊಳ್ಳುತ್ತಾರೆ. ಎರಡು ಚೀಟಿ ಅಂಗಿಯ ಜೇಬಿನಲ್ಲಿ ಪಕ್ಕಪಕ್ಕ ಇರುತ್ತವೆ. ಹೆಚ್ಚಿನ ಕಡೆ ಕಿಟಕಿಯವರು ಏನೂ ಅನ್ನುವುದಿಲ್ಲ. ಕೆಲವರು, “ಬಾ ತಮ್ಮಾ, ಒಳಗ ಬಂದ ನೋಡು” ಎಂದು ಪರದೆಯನ್ನು ಅವರ ಕಡೆಗೆ ತಿರುಗಿಸುತ್ತಾರೆ.